ಅಜ್ಜಿ ಹೇಳಿದ ಸೂಜಿ

ಈಗಲೂ ಕಣ್ಣು ತೋರಿಸಲು ಹೋದಾಗ ನನ್ನ ಅಂಗೈ ಬೆವರುತ್ತದೆ. ತಣ್ಣಗಿನ ಕೋಣೆ, ಮೆತ್ತನೆಯ ಕುರ್ಚಿ, ನನ್ನ ಮೊಮ್ಮಗಳ ವಯಸ್ಸಿನ ಡಾಕ್ಟರು. ಹೆದರುವಂಥದ್ದು ಅಲ್ಲಿ ಏನೂ ಇಲ್ಲ. ಆದರೂ ಆಕೆ "ಅಜ್ಜೀ, ಗದ್ದ ಇದರ ಮ್ಯಾಲ ಇಡ್ರಿ" ಎಂದ ಕೂಡಲೇ ನನ್ನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಜೊತೆಗೆ ಬಂದ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. "ಮಾಮೂಲಿ ಚೆಕಪ್ಪಿಗೆ ಇಷ್ಟ್ಯಾಕ ಅಂಜ್ತೀ ಅಜ್ಜೀ?" ಎಂದು ಕೇಳುತ್ತಾಳೆ. ನಾನು ಒಂದು ಬೈಗುಳ ಕೊಟ್ಟು ಅವಳ ಬಾಯಿ ಮುಚ್ಚಿಸುತ್ತೇನೆ. ಮಾಮೂಲಿ ಎಂಬ ಮಾತಿನ ಮೇಲೆ ನನಗೆ ಬಹಳ ಹಳೆಯ ಸಿಟ್ಟಿದೆ.

ಆ ಮಾತನ್ನು ನಾನು ಮೊದಲು ಕೇಳಿದ್ದು ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ. ನಮ್ಮ ಮಾನ್ವಿಗೆ ಯುದ್ಧ ಬಂದದ್ದು ಸೀಮೆಎಣ್ಣೆ ಸಿಗದಂತಾದಾಗ, ಮತ್ತು ಪೆಟ್ರೋಲಿಲ್ಲದೆ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದಾಗ. ಊರಿನ ಹುಡುಗಿಯರ ಸಾಲೆಗೆ ಸಣ್ಣ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸುವವಳೊಬ್ಬಳು ಬೇಕಾಗಿದ್ದಳು. ಸಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯ ಶಿಕ್ಷಕಿ, ಮನೆಗೇ ಬಂದು ಅಪ್ಪನನ್ನು ಕೇಳಿದರು. ನನಗಾಗ ಹದಿನಾರು. ಓಣಿಯವರೆಲ್ಲ ಲಗ್ನ ಯಾವಾಗ ಎಂದು ಕೇಳುವ ವಯಸ್ಸು. ಸಣ್ಣ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಓಣಿಯವರ ಮೇಲೆ ಏನು ಕೋಪವಿತ್ತೋ, ಹಟಕ್ಕೆ ಬಿದ್ದವನಂತೆ ಹೂಂ ಅಂದುಬಿಟ್ಟ.

ಬಾಯಾರು ಹೊಸ್ತಿಲು ದಾಟುವಾಗ ತಿರುಗಿ ನಿಂತು, "ಸೇರೂಕಿಂತ ಮೊದ್ಲು ರಾಯಚೂರಿನ ದವಾಖಾನ್ಯಾಗ ಈಕಿ ಕಣ್ಣು ತೋರಿಸಿಕೊಂಡು ಬರ್ರಿ. ಎಲ್ಲಾರಿಗೂ ಮಾಡ್ತಾರ. ಮಾಮೂಲಿ ತಪಾಸಣಿ," ಎಂದರು. ಹೇಳಿ ಅವರು ಹೋದರು. ನಮ್ಮ ಮನೆಯಲ್ಲಿ ಮಾತ್ರ ಗಾಳಿ ನಿಂತಂತಾಯಿತು.

ಕಣ್ಣಿನ ತಪಾಸಣೆ ಎಂದರೆ ಏನು ಮಾಡುತ್ತಾರೆ? ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡವರು, ಮುರಿದ ಕೈಗೆ ಕಟ್ಟು ಕಟ್ಟಿಸಿಕೊಂಡವರು ಓಣಿಯಲ್ಲಿ ಬೇಕಾದಷ್ಟು ಜನರಿದ್ದರು. ಆದರೆ ಕಣ್ಣನ್ನು ಇನ್ನೊಬ್ಬರ ಕೈಗೆ ಕೊಟ್ಟವರು ನಮಗೆ ತಿಳಿದಂತೆ ಒಬ್ಬಳೇ. ಅವಳು ನಮ್ಮ ಮನೆಯಲ್ಲೇ ಇದ್ದಳು, ನನ್ನ ಅವ್ವನ ಅವ್ವ, ನನ್ನ ಅಜ್ಜಿ. ಹಾಗಾಗಿ ನಾವೆಲ್ಲ ಅಜ್ಜಿಯನ್ನು ಕೇಳಿದೆವು. ಕೇಳಬಾರದಿತ್ತು.

ಅಜ್ಜಿ ದೇವದುರ್ಗದವಳು. ನಾನು ಹುಟ್ಟುವ ಮೊದಲೇ ಅವಳ ಕಣ್ಣಲ್ಲಿ ಪೊರೆ ಬಂದಿತ್ತು. ಆಗ ದೇವದುರ್ಗದ ಸಂತೆಗೆ ಪರವೂರಿನಿಂದ ಒಬ್ಬ ಕಣ್ಣಿನ ವೈದ್ಯ ಬಂದನಂತೆ. ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂತು, ಸೂಜಿ ಹಾಕಿ ಪೊರೆ ಇಳಿಸುತ್ತೇನೆ ಎಂದು ಕೂಗಿದನಂತೆ. ಅಜ್ಜಿಯನ್ನು ಕೂರಿಸಿ ಹಿಂದಿನಿಂದ ಒಬ್ಬ ತಲೆ ಹಿಡಿದ. ವೈದ್ಯ ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ ಸೂಜಿ ಹಾಕಿದ. ಹಾಕಿದವನೇ ಬೆರಳು ಎತ್ತಿ, "ಎಷ್ಟವ ಹೇಳು" ಎಂದ. ಅಜ್ಜಿಗೆ ಮಂಜುಮಂಜಾಗಿ ಬೆರಳು ಕಂಡವಂತೆ. ಸುತ್ತಲಿದ್ದವರೆಲ್ಲ ಭಲೇ ಎಂದರಂತೆ. ಕಣ್ಣಿಗೆ ಬಟ್ಟೆ ಬಿಗಿದು ಕಟ್ಟಿ, ವಾರದವರೆಗೂ ಬಿಚ್ಚಬೇಡ ಎಂದು ಹೇಳಿ ಆ ಪುಣ್ಯಾತ್ಮ ಗಂಟುಮೂಟೆ ಕಟ್ಟಿದ. ಬಟ್ಟೆ ಬಿಚ್ಚುವ ಹೊತ್ತಿಗೆ ಅವನು ಯಾವ ಊರಿನ ಸಂತೆಯಲ್ಲಿದ್ದನೋ. ಬಲಗಣ್ಣು ಕೀವಾಗಿ ಕೊಳೆತು ಒಣಗಿದ ಬಾರೆಹಣ್ಣಿನಂತೆ ಮುದುಡಿತು. ಎಡಗಣ್ಣಲ್ಲಿ ಬರೀ ಹೊಗೆ ಉಳಿಯಿತು.

ಅಲ್ಲಿಂದ ಅಜ್ಜಿ ಯಾರನ್ನೂ ತನ್ನ ಮುಖದ ಹತ್ತಿರ ಬರಗೊಡಲಿಲ್ಲ. ಆ ಎಡಗಣ್ಣನ್ನು ಮುಚ್ಚಿಕೊಂಡೇ ಇರುತ್ತಿದ್ದಳು. ಬೆಳಕು ಕಂಡರೆ ನೋವು ನೆನಪಾಗುತ್ತದೆ ಎನ್ನುತ್ತಿದ್ದಳು. ಗೋಡೆ ಹಿಡಿದು ಮನೆಯಲ್ಲೆಲ್ಲ ಓಡಾಡುತ್ತಿದ್ದಳು, ಮುಟ್ಟಿ ನೋಡಿ ಜೋಳದಲ್ಲಿನ ಕಲ್ಲು ಆರಿಸುತ್ತಿದ್ದಳು, ನಮ್ಮ ಹೆಜ್ಜೆಯ ಸದ್ದಿನಲ್ಲೇ ಯಾರೆಂದು ಹೇಳುತ್ತಿದ್ದಳು. ನನ್ನನ್ನು ಅವಳು ಬೆಳೆಸಿದ್ದಳು. ಆದರೆ ನನ್ನ ಮುಖ, ಅವಳ ಮಾತಿನಲ್ಲಿ ಮಾರಿ, ಹೇಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಇಂಥ ಅಜ್ಜಿ, ಕಣ್ಣಿನ ತಪಾಸಣೆ ಎಂದರೇನು ಎಂದು ಕೇಳಿದಾಗ ಏನು ಹೇಳುತ್ತಾಳೆ? "ಕುಂಡರಿಸ್ತಾರ. ಹಿಂದಿಂದ ತಲಿ ಹಿಡೀತಾರ. ಬೆರಳು ತೋರಿಸ್ತಾರ. ಸೂಜಿ ಹಾಕ್ತಾರ," ಎಂದಳು.

ಅಪ್ಪ ನಕ್ಕು, "ಅದು ಸಂತಿ ವೈದ್ಯ ಅತ್ತೀ. ಇದು ಸರಕಾರಿ ದವಾಖಾನಿ," ಎಂದ. ಅಜ್ಜಿ, "ಸರಕಾರದ ಸೂಜಿ ಚುಚ್ಚೂದಿಲ್ಲೇನು?" ಎಂದು ಕೇಳಿದಳು. ಗೊತ್ತಿಲ್ಲದವನ ನಗೆಗೆ ಎಷ್ಟು ಬೆಲೆ? ಆ ನಗೆ ನನಗೆ ಧೈರ್ಯ ಕೊಡಲಿಲ್ಲ.

ನನಗೆ ಹೆದರಲು ಇನ್ನೊಂದು ಕಾರಣವಿತ್ತು. ಅದು ಅಜ್ಜಿಯೊಬ್ಬಳಿಗೇ ಗೊತ್ತಿತ್ತು. ಒಂದೆರಡು ವರ್ಷದಿಂದ ನನಗೆ ದೂರದ್ದೆಲ್ಲ ಮಸುಕಾಗಿ ಕಾಣುತ್ತಿತ್ತು. ಬೀದಿಯ ಕೊನೆಯಲ್ಲಿ ಬರುವವರು ಹತ್ತಿರ ಬರುವವರೆಗೂ ಬರೀ ಸೀರೆ, ಬರೀ ಧೋತರ. ಬೇವಿನ ಮರ ಒಂದು ಹಸಿರು ಮುದ್ದೆ. ಹುಣ್ಣಿಮೆಯ ಚಂದ್ರನಿಗೆ ಸುತ್ತ ನವಿರು ಮೂಡಿದ ಹಾಗೆ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿದ್ದೆ. ಒಂದು ದಿನ ಮಾಳಿಗೆಯ ಮೇಲೆ ಅವ್ವ, ಆ ಮರದ ತುದಿಯಲ್ಲಿ ಗಿಳಿ ಕೂತಿದೆ ನೋಡು ಎಂದಾಗ ನನಗೆ ಗಿಳಿ ಹೋಗಲಿ, ತುದಿಯೇ ಕಾಣಲಿಲ್ಲ. ಓಡಿ ಹೋಗಿ ಅಜ್ಜಿಯ ಕಿವಿಯಲ್ಲಿ ಹೇಳಿದೆ. ಅಜ್ಜಿ, "ನನಗೂ ಮೊದ್ಲು ಹೊಗೀನ ಬಂದಿತ್ತು ಯವ್ವಾ," ಎಂದಳು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ಕುರುಡಿನ ಮನೆತನ ಎಂದು ಒಮ್ಮೆ ಹೆಸರು ಬಿದ್ದರೆ ಲಗ್ನವೂ ಇಲ್ಲ, ಸಾಲೆಯೂ ಇಲ್ಲ.

ಆ ದಿನದಿಂದ ನಾನು ಕುರುಡಿಯಾಗುವ ಅಭ್ಯಾಸ ಶುರುಮಾಡಿದ್ದೆ. ಯಾರೂ ಇಲ್ಲದಾಗ ಕಣ್ಣು ಮುಚ್ಚಿ ಅಡುಗೆ ಮನೆಯಿಂದ ಬಚ್ಚಲಿಗೆ ನಡೆಯುತ್ತಿದ್ದೆ. ಮೊಳಕಾಲು ಒಡೆದುಕೊಂಡು ಅಳುತ್ತಿದ್ದೆ. ಈಗ ರಾಯಚೂರಿನ ಡಾಕ್ಟರು ಕಣ್ಣು ನೋಡಿದರೆ ನನ್ನ ಗುಟ್ಟು ರಟ್ಟಾಗುತ್ತದೆ, ಹೊಗೆ ಇದೆ ಎಂದು ತಿಳಿದರೆ ಸೂಜಿ ಹಾಕುತ್ತಾರೆ, ಸೂಜಿ ಹಾಕಿದರೆ ಅಜ್ಜಿಯಂತಾಗುತ್ತೇನೆ. ಹಾಕದಿದ್ದರೂ ಅಜ್ಜಿಯಂತೆಯೇ ಆಗುತ್ತೇನೆ. ಅತ್ತ ದರಿ ಇತ್ತ ಪುಲಿ ಎಂದು ಸಾಲೆಯಲ್ಲಿ ಓದಿದ್ದೆ. ಅದರ ಅರ್ಥ ಆಗ ತಿಳಿಯಿತು.

ಹೋಗುವ ದಿನ ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಮುಂದೆ ಒಂದು ಬಟ್ಟಲಿತ್ತು. ಅದರಲ್ಲಿ ಔಡಲೆಣ್ಣೆಯಲ್ಲಿ ಅರೆದ ಯಾವುದೋ ಹಸಿರು ಸೊಪ್ಪು. "ಕಣ್ಣು ಮುಚ್ಚು. ತಂಪಿಗೆ ಹಚ್ತೀನಿ," ಎಂದಳು. ನಾನು ಕಣ್ಣು ಮುಚ್ಚಿ ಕೂತೆ. ಅವಳ ಬೆರಳು ಮೊದಲು ನನ್ನ ಬಲಗಣ್ಣನ್ನು ಹುಡುಕಿತು. ರೆಪ್ಪೆಯ ಮೇಲೆ, ಕೆಳಗೆ, ಮೂಲೆಯಲ್ಲಿ ದಪ್ಪವಾಗಿ ಹಚ್ಚಿತು. ಸ್ವಲ್ಪ ಒಳಗೂ ಇಳಿದು ಉರಿಯಿತು. ಎಡಗಣ್ಣಿಗೆ ಬರುವಷ್ಟರಲ್ಲಿ ಹೊರಗಿನಿಂದ ಅಪ್ಪ, ಬಸ್ಸಿನವನು ಒಲೆ ಊದಲು ಶುರುಮಾಡಿದ್ದಾನೆ, ಇನ್ನು ನಿಲ್ಲುವುದಿಲ್ಲ ಎಂದು ಕೂಗಿದ. ನಾನು ಎದ್ದು, ಹಚ್ಚಿದ್ದನ್ನು ಸೆರಗಿನಿಂದ ಒರೆಸಿಕೊಂಡು ಓಡಿದೆ.

ಅಜ್ಜಿ ತಾನೂ ಬರುತ್ತೇನೆಂದು ಕಂಬ ಹಿಡಿದು ನಿಂತಳು. ಅವ್ವ ಬೇಡವೆಂದಳು, ಅಪ್ಪ ರೇಗಿದ. "ಆಕಿ ಕೈ ಹಿಡಿಯಾಕ ಒಬ್ರು ಬೇಕು. ನನ್ನ ಕೈ ಯಾರೂ ಹಿಡಿದಿದ್ದಿಲ್ಲ," ಎಂದು ಅಜ್ಜಿ ಜಗ್ಗಲಿಲ್ಲ. ಕೊನೆಗೆ ಹಣೆಗೆ ಈಬತ್ತಿ ಹಚ್ಚಿಕೊಂಡು, ನನ್ನ ಹಣೆಗೂ ಹಚ್ಚಿ, ನನ್ನ ಹೆಗಲ ಮೇಲೆ ಕೈಯಿಟ್ಟು ಬಸ್ಸಿನವರೆಗೆ ನಡೆದಳು. ಅಪ್ಪ ರೊಟ್ಟಿಯ ಗಂಟು ಹಿಡಿದು ಮುಂದೆ ಮುಂದೆ ಹೋದ.

ಆ ಇದ್ದಿಲ ಬಸ್ಸು ಎತ್ತಿನ ಗಾಡಿಗಿಂತ ತುಸು ಜೋರು ಅಷ್ಟೇ. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ಕಲ್ಲೂರು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಒಲೆಗೆ ಇದ್ದಿಲು ತುಂಬಲು ಬಸ್ಸು ಅಲ್ಲಿ ನಿಂತಿತು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬಲಗಣ್ಣಿಗೆ ಬಿಸಿಲು ಈಟಿಯ ಹಾಗೆ ನುಗ್ಗಿತು. ಕಣ್ಣು ಮುಚ್ಚಿ ತೆರೆದೆ. ಮತ್ತೆ ನುಗ್ಗಿತು. ತೊಡೆಯ ಮೇಲಿದ್ದ ನನ್ನ ಕೈಯನ್ನು ನೋಡಿಕೊಂಡೆ. ಎಡಗಣ್ಣಿಗೆ ಬಳೆಯ ಗೆರೆ ಸಹಿತ ಕಂಡಿತು. ಬಲಗಣ್ಣಿಗೆ ಕೈಯೆಲ್ಲ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು.

ದೂರದಲ್ಲಿದ್ದ ಹೊಗೆ ಹತ್ತಿರಕ್ಕೇ ಬಂದುಬಿಟ್ಟಿದೆ ಎಂದುಕೊಂಡೆ. ಇವತ್ತೇ ಬರಬೇಕೇ! ಅಪ್ಪ ಹೊರಗೆ ಯಾರೊಂದಿಗೋ ಯುದ್ಧದ ಸುದ್ದಿ ಮಾತಾಡುತ್ತ ನಿಂತಿದ್ದ. ಅವನನ್ನು ಕರೆಯಲು ಎದ್ದವಳು ಆಣೆ ನೆನಪಾಗಿ ಮತ್ತೆ ಕೂತೆ. ಅಜ್ಜಿ ನನ್ನ ಉಸಿರು ಕೇಳಿ, "ಏನಾತು ಯವ್ವಾ?" ಎಂದಳು. ಏನೂ ಇಲ್ಲ ಎಂದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ನಾನು ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡು ರಾಯಚೂರಿನವರೆಗೂ ಶಿವಶಿವಾ ಎನ್ನುತ್ತ ಕೂತೆ.

ರಾಯಚೂರಿನ ಕೋಟೆ ಬೆಟ್ಟ ಕಂಡಾಗ ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದೆ. ಅಲ್ಲಿನ ತೀನ್ ಕಂದೀಲ್ ಪೇಟೆಯ ಬಳೆ ಅಂಗಡಿಗಳೆಂದರೆ ಮಾನ್ವಿಯ ಹುಡುಗಿಯರಿಗೆ ಕಾಶಿ. ಆ ದಿನ ತಲೆ ಎತ್ತಲಿಲ್ಲ. ದವಾಖಾನೆಯ ಪಡಸಾಲೆಯಲ್ಲಿ ಉದ್ದನೆಯ ಕಲ್ಲಿನ ಕಟ್ಟೆ, ಕಣ್ಣು ತೋರಿಸಲು ಬಂದವರ ಸಾಲು. ಫಿನಾಯಿಲ್ ವಾಸನೆ. ಒಳಗಿನಿಂದ ಒಬ್ಬ ಮುದುಕ ಎರಡೂ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಮಗನ ಭುಜ ಹಿಡಿದು ಬಂದ. ಅಪ್ಪ ಅವನನ್ನು ನೋಡಿ ಬೇಗ ಬೇರೆ ಕಡೆ ಮುಖ ತಿರುಗಿಸಿದ. ಅಪ್ಪನಿಗೂ ಹೆದರಿಕೆಯಾಗಿದೆ ಎಂದು ಆಗ ನನಗೆ ಗೊತ್ತಾಯಿತು.

ಕಂಪೌಂಡರ್ ಕರೆದ. ಅಜ್ಜಿ ನನ್ನ ಜೊತೆಗೇ ಏಳಲು ಹೋದಳು, ಒಬ್ಬರೇ ದೊಡ್ಡವರು ಬರಬೇಕು ಎಂದು ಕಂಪೌಂಡರ್ ಅವಳನ್ನು ಕೂರಿಸಿದ. ನನ್ನ ಕೈ ಬಿಡಿಸಿಕೊಳ್ಳುವಾಗ ಅಜ್ಜಿ, "ಬಲಗಣ್ಣು ಮೊದ್ಲು ಮಾಡ್ರಿ ಅನ್ನು," ಎಂದು ಪಿಸುಗುಟ್ಟಿದಳು. ಅದ್ಯಾಕೆ ಹಾಗಂದಳೋ ನನಗೆ ತಿಳಿಯಲಿಲ್ಲ.

ಡಾಕ್ಟರ್ ಸಾಹೇಬರು ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ಅರ್ಧ ಉರ್ದು, ಅರ್ಧ ಕನ್ನಡ. ನಾನು ಅಂದುಕೊಂಡಿದ್ದಂತೆ ಯಾರೂ ನನ್ನ ತಲೆ ಹಿಡಿಯಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ಎದುರಿನ ಗೋಡೆ ತೋರಿಸಿದರು. ಅಲ್ಲಿ ಉರ್ದು ಅಕ್ಷರಗಳ ಹಲಗೆ. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಇರುವೆಯಷ್ಟಾಗುವ ಅಕ್ಷರ. ನಮ್ಮ ಸಾಲೆಯಲ್ಲೂ ಉರ್ದು ಕಲಿಸುತ್ತಿದ್ದರಿಂದ ಅಕ್ಷರ ಹೊಸದಲ್ಲ. ಒಂದು ಕಣ್ಣು ಮುಚ್ಚಿ ಓದು ಎಂದರು. ಎಡಗಣ್ಣಿನಲ್ಲಿ ಕೆಲವು ಸಾಲು ಓದಿದೆ, ಉಳಿದದ್ದು ಮಸುಕು. ಬಲಗಣ್ಣಿನಲ್ಲಿ ಇನ್ನೂ ಮಸುಕು. ಡಾಕ್ಟರು ಹೂಂ ಎಂದರು, ಬೈಯಲಿಲ್ಲ. ಕೈಗೆ ಒಂದು ಅಚ್ಚಿನ ಹಾಳೆ ಕೊಟ್ಟು ಹತ್ತಿರ ಹಿಡಿದು ಓದಿಸಿದರು. ಎಡಗಣ್ಣು ಗಡಗಡ ಓದಿತು. ಬಲಗಣ್ಣಿಗೆ ಹಾಳೆಯಲ್ಲಿ ಅಕ್ಷರಗಳೇ ಇರಲಿಲ್ಲ.

ಡಾಕ್ಟರು ಹುಬ್ಬು ಗಂಟಿಕ್ಕಿ ಕೈದೀಪ ತಂದರು. "ಬೇಟಿ, ಸೀದಾ ನೋಡು," ಎಂದು ಎಡಗಣ್ಣಿಗೆ ಬೆಳಕು ಬಿಟ್ಟರು, ಸರಿ ಎಂದರು. ಬಲಗಣ್ಣಿಗೆ ಬಿಟ್ಟರು. ದೀಪ ಆರಿಸಿ ಮತ್ತೆ ಬಿಟ್ಟರು. ಹತ್ತಿರ ಬಂದು, ಬದಿಯಿಂದ, ಮೇಲಿನಿಂದ ಬಿಟ್ಟರು. ಅಪ್ಪನೂ ಬಗ್ಗಿ ನೋಡಿದ. ನೋಡಿದವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಅಪ್ಪ ಹೇಳಿದ್ದು, ನನ್ನ ಬಲಗಣ್ಣಿನ ಕಂದು ಬಣ್ಣವೆಲ್ಲ ಹೋಗಿ ನಡುವಿನ ಕರಿ ಬೊಂಬೆ ಕಣ್ಣು ತುಂಬ ಹರಡಿತ್ತಂತೆ, ಬೆಳಕು ಬಿದ್ದರೂ ಕದಲದೆ ಸತ್ತ ಮೀನಿನ ಕಣ್ಣಿನಂತಿತ್ತಂತೆ.

"ಈಕಿ ಎಲ್ಲ್ಯಾದ್ರೂ ಬಿದ್ದಿದ್ದಳೇನು? ತಲಿಗೆ ಪೆಟ್ಟು ಬಿದ್ದಿತ್ತೇನು?" ಎಂದು ಡಾಕ್ಟರು ಅಪ್ಪನನ್ನು ಕೇಳಿದರು. ಇಲ್ಲ ಎಂದ ಅಪ್ಪ. "ತಲಿಬ್ಯಾನಿ? ವಾಂತಿ? ಜ್ವರ?" ಇಲ್ಲ, ಇಲ್ಲ. ಡಾಕ್ಟರು ಕಂಪೌಂಡರನತ್ತ ತಿರುಗಿ ಉರ್ದುವಿನಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ನನಗೆ ಕೇಳಿಸುವುದಿಲ್ಲ ಎಂದುಕೊಂಡರೇನೋ. ದಿಮಾಗ್ ಎಂಬ ಮಾತು ಕೇಳಿತು, ಅಂದರೆ ಮಿದುಳು. ಒಳಗೆ ನೋಡಬೇಕು ಎಂಬುದೂ ಕೇಳಿತು. ಕಣ್ಣಿನ ಒಳಗೆ ನೋಡಬೇಕೆಂದರೆ ಕಣ್ಣು ಕೊಯ್ದು ತೆರೆಯಬೇಕಲ್ಲವೇ? ತೆರೆಯಬೇಕೆಂದರೆ? ಅಪ್ಪನ ಮುಖ ನೋಡಿದೆ. ಅಂಗಡಿಯಲ್ಲಿ ಎಂಥ ಜಗಳಗಂಟರನ್ನೂ ಬಾಯಲ್ಲೇ ಓಡಿಸುವ ಅಪ್ಪ ತುಟಿ ಬಿಗಿದು ನಿಂತಿದ್ದ.

ಪಕ್ಕದ ಕೋಣೆಗೆ ಕರೆದೊಯ್ದರು. ಕಿಟಕಿಗೆಲ್ಲ ಕರಿ ಬಟ್ಟೆ. ನನ್ನ ತಲೆಯ ಹಿಂದೆ ಒಂದು ದೀಪ ಹಚ್ಚಿಟ್ಟರು. ಬಾಗಿಲು ಮುಚ್ಚಿತು. ನಾನು ಸ್ಟೂಲನ್ನು ಎರಡೂ ಕೈಯಿಂದ ಹಿಡಿದು, ಈಗ ತಲೆ ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ ಎಂದು ಕಾಯುತ್ತ ಕೂತೆ. ಡಾಕ್ಟರ ಕೈಯಲ್ಲಿ ಏನೋ ಮಿನುಗಿತು. ನಾನು ಕಿರುಚಿದೆ. "ಸೂಜಿ ಬ್ಯಾಡ್ರೀ! ನಾ ಕುರುಡಿ ಆಗೇ ಇರ್ತೀನಿ, ಸೂಜಿ ಬ್ಯಾಡ್ರೀ!"

ಡಾಕ್ಟರು ಅಲ್ಲೇ ನಿಂತರು. ಕೈ ಚಾಚಿ ಆ ಮಿನುಗುವುದನ್ನು ನನ್ನ ಅಂಗೈಯಲ್ಲಿಟ್ಟರು. ನಡುವೆ ಸಣ್ಣ ತೂತಿದ್ದ ಒಂದು ದುಂಡು ಕನ್ನಡಿ ಅದು. "ದೀಪದ ಬೆಳಕು ಇದರಿಂದ ನಿನ್ನ ಕಣ್ಣಾಗ ಬಿಡ್ತೀನಿ. ತೂತಿನಾಗಿಂದ ನಾ ನೋಡ್ತೀನಿ. ಇಷ್ಟೇ. ಮುಟ್ಟೂದೂ ಇಲ್ಲ," ಎಂದರು. ಕಣ್ಣು ಕೊಯ್ಯದೆಯೂ ಒಳಗೆ ನೋಡಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಕನ್ನಡಿ ಎಷ್ಟು ಹಗುರವಾಗಿತ್ತೆಂದರೆ ನನಗೆ ಅಳು ಬಂತು.

ಅವರು ಹತ್ತಿರ ಬಂದರು, ಅವರ ಉಸಿರಿನಲ್ಲಿ ಲವಂಗದ ವಾಸನೆಯಿತ್ತು. ಎಡಗಣ್ಣು ನೋಡಿದರು. ಬಲಗಣ್ಣಿಗೆ ಬಂದವರು ನೋಡುತ್ತ ನೋಡುತ್ತ ನಿಂತು, ಕನ್ನಡಿ ಕೆಳಗಿಳಿಸಿ, ಮೂಗು ಅರಳಿಸಿ ಮೂಸಿದರು. ಅರಳೆಯಿಂದ ನನ್ನ ರೆಪ್ಪೆಯ ಮೂಲೆಯನ್ನು ಒರೆಸಿ, ದೀಪಕ್ಕೆ ಹಿಡಿದರು. ಅರಳೆ ಹಸಿರಾಗಿತ್ತು.

"ಇದೇನು ಬೇಟಿ?"

"ತಂಪಿಗೆ ಅಂತ ನಮ್ಮಜ್ಜಿ ಹಚ್ಚ್ಯಾಳ್ರೀ."

"ಎಲ್ಲಿ ನಿಮ್ಮಜ್ಜಿ? ಕರೀರಿ."

ಅಜ್ಜಿ ಗೋಡೆ ಸವರುತ್ತ ಒಳಗೆ ಬಂದಳು. ಯಾವ ಸೊಪ್ಪು ಹಚ್ಚಿದ್ದು ಎಂದು ಡಾಕ್ಟರು ಕೇಳಿದರು. ತಂಪಿಗೆ ಎಂದಳು. ತಂಪಿಗೆ ಯಾವ ಸೊಪ್ಪು ಎಂದು ಮತ್ತೆ ಕೇಳಿದರು. ಅಜ್ಜಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹಿತ್ತಲಿನದು, ಬೇಲಿಯದು ಎನ್ನುತ್ತ ಹೋದಳು. ಅಪ್ಪ ತಡೆಯಲಾರದೆ, "ಅತ್ತೀ, ಹುಡುಗಿ ಕಣ್ಣು ಹೋಗಾಕತ್ತದ! ಬಾಯಿ ಬಿಡು!" ಎಂದು ಗದರಿದ. ಅಜ್ಜಿ ತಲೆ ತಗ್ಗಿಸಿ, "ಮದಗುಣಕಿ," ಎಂದಳು.

ಮದಗುಣಕಿ ಎಂದರೆ ದತ್ತೂರಿ. ದೇವದುರ್ಗದ ಕಡೆ ಕುರುವಿನ ನೋವಿಗೆ, ಉಳುಕಿದ ಕಾಲಿಗೆ ಅದರ ಎಲೆ ಅರೆದು ಕಟ್ಟುತ್ತಾರೆ. ನೋವು ಸತ್ತುಹೋಗುತ್ತದೆ. ಕಣ್ಣಿಗೆ ಹಚ್ಚುವವರು ಯಾರೂ ಇಲ್ಲ.

"ಯಾಕ ಹಚ್ಚಿದಿ ಅಮ್ಮಾ?" ಎಂದು ಡಾಕ್ಟರು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸೂಜಿ ಹಾಕೂಮುಂದ ನೋಯಬಾರದಂತ," ಎಂದಳು ಅಜ್ಜಿ. "ಬಲಗಣ್ಣಿಗೆ ಮೊದ್ಲು ಹಾಕ್ತಾರ. ಅದಕ್ಕ ಆ ಕಣ್ಣಿಗೆ ಮೊದ್ಲು ಹಚ್ಚೀನಿ. ಎಡಕ್ಕ ಹಚ್ಚೂದ್ರಾಗ ಬಸ್ಸಿಗೆ ಕರದ್ರು. ನನಗ ಹಾಕಿದಾಗ ಯಾರೂ ಏನೂ ಹಚ್ಚಿದ್ದಿಲ್ರೀ ಸಾಹೇಬ್ರ. ಆ ನೋವು ನನಗ ಗೊತ್ತದ."

ನನಗೆ ಅಜ್ಜಿಯ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸಿಟ್ಟೆಲ್ಲ ದೇವದುರ್ಗದ ಆ ಬೇವಿನ ಮರದ ಕಡೆ ಹೋಯಿತು. ಇಂದಿಗೂ ಅಲ್ಲೇ ಇದೆ.

ಡಾಕ್ಟರು ನಿಟ್ಟುಸಿರು ಬಿಟ್ಟು ಸಣ್ಣಗೆ ನಕ್ಕರು. ಮಿದುಳಿಗೆ ಏನೂ ಆಗಿಲ್ಲ, ಆ ಸೊಪ್ಪಿನ ರಸ ಒಳಗಿಳಿದರೆ ಕರಿ ಬೊಂಬೆ ಅಗಲವಾಗುತ್ತದೆ, ಕೆಲವು ದಿನಕ್ಕೆ ತಾನಾಗಿಯೇ ಸರಿಹೋಗುತ್ತದೆ ಎಂದರು. "ಒಳಗ ಚೆಂದಾಗಿ ನೋಡಬೇಕಂದ್ರ ನಾವೂ ಇಂಥದ್ದ ಒಂದು ಔಷಧ ಬಿಡ್ತೀವಿ. ಅಳತಿ ಪ್ರಕಾರ ಬಿಡ್ತೀವಿ, ಅಷ್ಟ. ನಿಮ್ಮಜ್ಜಿ ನನ್ನ ಅರ್ಧ ಕೆಲಸ ಮಾಡಿಬಿಟ್ಟಾಳ. ಆದರ ಇನ್ನೊಮ್ಮಿ ಮಾಡಬ್ಯಾಡಮ್ಮಾ, ಅದು ವಿಷ."

ನಾನು ಕೇಳಬೇಕಾದದ್ದನ್ನು ಆಗ ಕೇಳಿದೆ. "ಮತ್ತ ಹೊಗಿ? ದೂರದ ಹೊಗಿ?" ಅಪ್ಪ ಬೆಚ್ಚಿ ನನ್ನತ್ತ ನೋಡಿದ. ಡಾಕ್ಟರು ಮರದ ಪೆಟ್ಟಿಗೆ ತೆರೆದರು. ಅದರ ತುಂಬ ಸಾಲು ಸಾಲು ದುಂಡು ಗಾಜು. ನನ್ನ ಮೂಗಿನ ಮೇಲೆ ಒಂದು ಖಾಲಿ ಚೌಕಟ್ಟು ಕೂರಿಸಿ ಎಡಗಡೆ ಒಂದು ಗಾಜು ಇಳಿಸಿ, ಬಾಗಿಲು ತೆರೆದು, ಹೊರಗಿನ ಗೋಡೆಯ ಹಲಗೆ ತೋರಿಸಿದರು. ಇರುವೆಯಷ್ಟಿದ್ದ ಅಕ್ಷರಗಳು ತಾವೇ ಎದ್ದು ನಿಂತವು. ಹಲಗೆಯಾಚೆ ಕಿಟಕಿ, ಕಿಟಕಿಯಾಚೆ ಮರ, ಮರದಲ್ಲಿ ಒಂದೊಂದೇ ಎಲೆ. "ಹೊಗಿನೂ ಇಲ್ಲ ಏನೂ ಇಲ್ಲ. ದೂರದೃಷ್ಟಿ ಸ್ವಲ್ಪ ಕಮ್ಮಿ ಅದ. ಕನ್ನಡಕ ಹಾಕ್ಕೊಂಡು ಸಾಲಿಗೆ ಹೋಗು," ಎಂದರು. ಅಪ್ಪ ಗೋಡೆಗೆ ಒರಗಿ ಮುಖ ಒರೆಸಿಕೊಂಡ.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಡಾಕ್ಟರು ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ನಿನ್ನ ಕಣ್ಣು ಒಮ್ಮಿ ನೋಡ್ಲೇನು?"

ಅಜ್ಜಿ ಗೋಡೆಗೆ ಅಂಟಿಕೊಂಡಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಾವು ಕಡಿದವರು ಹಗ್ಗಕ್ಕೂ ಅಂಜುತ್ತಾರೆ ಎನ್ನುತ್ತಾರೆ, ಅಜ್ಜಿಗೆ ಹಗ್ಗದ ಹೆಸರು ಸಾಕಾಗಿತ್ತು. ಡಾಕ್ಟರು ಅವಳ ಮುಂದೆ ಬಂದು ತಮ್ಮ ಎರಡೂ ಅಂಗೈ ಚಾಚಿದರು. "ಮುಟ್ಟಿ ನೋಡು. ಏನರ ಅದಾ?" ಎಂದರು. ಅಜ್ಜಿ ಒಂದು ಕೈ ಮುಖದಿಂದ ಇಳಿಸಿದಳು. ಆ ಅಂಗೈಗಳನ್ನು, ಬೆರಳುಗಳ ಸಂದುಗಳನ್ನು, ಮುಂಗೈಯನ್ನು, ತೋಳಿನ ಮಡಿಕೆಯನ್ನು ಜೋಳದಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿದಳು. ಆಮೇಲೆ ನನ್ನತ್ತ ಕೈ ಚಾಚಿದಳು. ನಾನು ಹಿಡಿದುಕೊಂಡೆ. ಕೈ ಹಿಡಿಯಲು ಬಂದವಳು ಅವಳು, ಹಿಡಿದವಳು ನಾನು.

ಡಾಕ್ಟರು ಅವಳ ಎಡಗಣ್ಣಿನ ರೆಪ್ಪೆ ಎತ್ತಿ ಬೆಳಕು ಬಿಟ್ಟರು. "ಬೆಳಕು ಅದಾ?" ಎಂದರು. "ಅದ," ಎಂದಳು. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನಿಗೆ ಹೇಳಿದರು, "ಆ ಬದ್ಮಾಶ್ ಸೂಜಿ ಹಾಕಿ, ಪೊರಿ ಬಂದ ಗುಂಡನ್ನ ಕಣ್ಣಿನ ತಳಕ್ಕ ದಬ್ಬ್ಯಾನ. ಬಲಗಣ್ಣು ಕೊಳೀತು. ಇದು ಕೊಳೀಲಿಲ್ಲ. ಒಳಗಿನ ಗಾಜು ಹೋಗ್ಯಾದ, ಹೊರಗಿಂದ ಒಂದು ಗಾಜು ಇಟ್ಟಿದ್ರ ಈಕಿಗೆ ಕಾಣ್ತಿತ್ತು." ಅಪ್ಪ, "ಯಾವಾಗಿಂದ?" ಎಂದು ಕೇಳಿದ. "ಅವತ್ತಿಂದ," ಎಂದರು ಡಾಕ್ಟರು.

ಅವತ್ತಿನಿಂದ. ನಾನು ಹುಟ್ಟುವ ಮೊದಲಿನಿಂದ. ಅಷ್ಟೂ ಕಾಲ ಅಜ್ಜಿ ಗೋಡೆ ಹಿಡಿದು ನಡೆದದ್ದು ಒಂದು ಗಾಜಿಲ್ಲದ್ದಕ್ಕೆ, ಮತ್ತು ಆ ಗಾಜು ಕೊಡುವವರ ಹತ್ತಿರ ಹೋಗಲು ಹೆದರಿದ್ದಕ್ಕೆ.

ಡಾಕ್ಟರು ಪೆಟ್ಟಿಗೆಯಿಂದ ದಪ್ಪ ಗಾಜೊಂದನ್ನು ಆರಿಸಿದರು. ಚೌಕಟ್ಟನ್ನು ಅಜ್ಜಿಯ ಮೂಗಿಗೆ ಏರಿಸಿ ಗಾಜು ಇಳಿಸಿದರು. ಅದರ ಮೇಲೆ ಇನ್ನೊಂದು ಇಟ್ಟರು. ನನ್ನನ್ನು ಕರೆದು, "ಬೇಟಿ, ಈಕಿ ಮುಂದ ಬಾ. ಇನ್ನೂ ಹತ್ತಿರ," ಎಂದರು. ನಾನು ಅಜ್ಜಿಯ ಉಸಿರು ತಾಗುವಷ್ಟು ಹತ್ತಿರ ಮುಖ ತಂದೆ. "ಕಣ್ಣು ತೆರಿ ಅಮ್ಮಾ."

ಅಜ್ಜಿ ಕಣ್ಣು ತೆರೆದಳು. ಆ ದಪ್ಪ ಗಾಜಿನ ಹಿಂದೆ ಅವಳ ಕಣ್ಣು ಬಹಳ ದೊಡ್ಡದಾಗಿ, ಹೊಸದಾಗಿ ಕಂಡಿತು. ಅದು ನನ್ನ ಮುಖದ ಮೇಲೆ ಅಲೆಯಿತು, ನಿಂತಿತು. ನಾನು ನಗಲು ನೋಡಿದೆ. ಅಜ್ಜಿ ಉಸಿರು ಎಳೆದುಕೊಂಡು ಬೆರಳಿನಿಂದ ನನ್ನ ಬಲಗಣ್ಣಿನ ಕೆಳಗೆ ಮುಟ್ಟಿದಳು.

"ಯವ್ವಾ," ಎಂದಳು. "ಈ ಕಣ್ಣು ಕರಿ ಬಾಂವಿ ಆಗ್ಯಾದಲ್ಲ! ನಾ ನಿನಗ ಏನ್ ಮಾಡಿಬಿಟ್ಟೆ?"

ಅಷ್ಟು ವರ್ಷಗಳ ಮೇಲೆ ಅವಳಿಗೆ ಮೊದಲು ಕಂಡದ್ದು ಅದು. ಡಾಕ್ಟರು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ವಾರ ಬಟ್ಟೆ ಬಿಚ್ಚಬೇಡ, ಸರಿಹೋಗುತ್ತದೆ ಎಂದು ಅವಳಿಗೆ ಒಬ್ಬ ಹೇಳಿದ್ದನಲ್ಲ. ಯಾರೋ ಬಿಟ್ಟುಹೋಗಿದ್ದ ದಪ್ಪ ಗಾಜಿನ ಕನ್ನಡಕವೊಂದನ್ನು ಡಾಕ್ಟರು ಹುಡುಕಿ, ಸದ್ಯಕ್ಕೆ ಇದನ್ನು ಹಾಕಿಕೋ ಎಂದು ಅವಳಿಗೆ ಕೊಟ್ಟರು. ಬಸ್ಸಿನಲ್ಲಿ ಅವಳು ಅದನ್ನು ಕಣ್ಣಿಗೇರಿಸದೆ ಮಡಿಲಲ್ಲಿ ಹಿಡಿದು ಕೂತಳು. ಮಾನ್ವಿಗೆ ಬಂದ ಮೇಲೆ ಓಣಿಯವರೆಲ್ಲ ಬಂದು ನಮ್ಮನ್ನು ನೋಡು, ನಮ್ಮನ್ನು ನೋಡು ಎಂದರೂ ಯಾರನ್ನೂ ನೋಡಲಿಲ್ಲ. ಅವ್ವ ತಟ್ಟೆಯಲ್ಲಿ ಹೂವಿಟ್ಟು ತಂದಳು, ಅದನ್ನೂ ನೋಡಲಿಲ್ಲ.

ದಿನಾ ಮುಂಜಾನೆ ಹಿತ್ತಲಿನಲ್ಲಿ ಅದೇ ಜಾಗದಲ್ಲಿ ಕನ್ನಡಕ ಹಾಕಿಕೊಂಡು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ನನ್ನ ಬಲಗಣ್ಣನ್ನಷ್ಟೇ ನೋಡುತ್ತಿದ್ದಳು. ನೋಡಿ ಕನ್ನಡಕ ತೆಗೆದಿಡುತ್ತಿದ್ದಳು. ನಾನೂ ಕನ್ನಡಿಯಲ್ಲಿ ಆ ಕರಿ ಬೊಂಬೆಯನ್ನು ನೋಡಿಕೊಂಡು, ಡಾಕ್ಟರು ಸುಳ್ಳು ಹೇಳಿರಬಹುದೇ ಎಂದು ಅಂಜುತ್ತಿದ್ದೆ.

ಬೊಂಬೆ ಮೆಲ್ಲಗೆ ಸಣ್ಣಗಾಗುತ್ತ ಬಂತು. ಒಂದು ಮುಂಜಾನೆ ಅಜ್ಜಿ ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು. ಬಲಗಣ್ಣು ನೋಡಿದಳು, ಎಡಗಣ್ಣು ನೋಡಿದಳು, ಮತ್ತೆ ಬಲಗಣ್ಣು ನೋಡಿದಳು. ಎರಡೂ ಒಂದೇ ಆಗಿದ್ದವು. ಅವಳು ಕನ್ನಡಕ ತೆಗೆದು, ಸೆರಗಿನಿಂದ ಗಾಜನ್ನು ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡಳು.

"ಬಾ ಇಲ್ಲಿ," ಎಂದಳು. "ಇನ್ನ ನಿನ್ನ ಮಾರಿ ನೋಡ್ತೀನಿ."